ಬೀದಿಯಲ್ಲಿ ನಿಂತವರಿಗೆ ಕಾಣುವಂತೆ ಯೋಜನೆಯ ಚಿತ್ರ ತೋರಿಸಿ

ಗೆ,
ಮಾನ್ಯ ಅಧ್ಯಕ್ಷರು ಮತ್ತು ಸದಸ್ಯರು,
ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ, ಬೆಂಗಳೂರು.

ವಿಷಯ: ಸಾರಿಗೆ ಯೋಜನೆಗಳ ನಕ್ಷೆ, ಚಿತ್ರ ಹಾಗೂ ಮಾದರಿಗಳನ್ನು ಟೆಂಡರ್‌ಗೆ ಮುನ್ನವೇ, ಅಳತೆಗೆ ಸರಿಯಾಗಿ, ಕನ್ನಡದಲ್ಲಿ ಜನರ ಮುಂದಿಡಲು ನಿಯಮ ರೂಪಿಸುವ ಬಗ್ಗೆ.

ಮಾನ್ಯರೇ,

ಹೆಬ್ಬಾಳ, ಬಳ್ಳಾರಿ ರಸ್ತೆ ಹಾಗೂ ಲಾಲ್‌ಬಾಗ್ ಸುತ್ತಮುತ್ತ ವಾಸವಿರುವ, ಅಂಗಡಿ ನಡೆಸುವ, ಬಸ್ಸಿನಲ್ಲಿ ಓಡಾಡುವ ನಾವು ಕೆಳಗೆ ಸಹಿ ಮಾಡಿದ್ದೇವೆ. ನಮ್ಮ ಮನೆ ಮುಂದೆ ಏನು ಬರಲಿದೆ ಎಂಬುದನ್ನು ಅರ್ಥವಾಗುವಂತೆ ತೋರಿಸಿ ಎಂಬುದಷ್ಟೇ ನಮ್ಮ ಬೇಡಿಕೆ.

2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ 6.7 ಕಿ.ಮೀ. ಉದ್ದದ ಉಕ್ಕಿನ ಮೇಲ್ಸೇತುವೆಯ ಪ್ರಸ್ತಾಪ ಬಂದದ್ದು ತಮಗೆ ನೆನಪಿರಬಹುದು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಬಲಿಯಾಗಬೇಕಿದ್ದ ಮರಗಳು 812. ಅದಕ್ಕೆ ಸಂಪುಟದ ಒಪ್ಪಿಗೆಯೂ ಸಿಕ್ಕಿತ್ತು. ಅಕ್ಟೋಬರ್‌ನಲ್ಲಿ ಸಾವಿರಾರು ಜನ ಮಾನವ ಸರಪಳಿ ಕಟ್ಟಿದರು, 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. ಜನರ ಮಾತನ್ನು ಮೊದಲೇ ಕೇಳಿದ್ದರೆ ಇಷ್ಟು ದೂರ ಹೋಗಬೇಕಿರಲಿಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ.

ಇಂದು ಯೋಜನೆಗಳ ಬಗ್ಗೆ ನಮಗೆ ತೋರಿಸುವ ವಿಡಿಯೊಗಳು ಹೆಚ್ಚಾಗಿ ಆಕಾಶದಿಂದ ನೋಡಿದಂಥವು. ನುಣುಪಾದ ರಸ್ತೆ, ಬೆರಳೆಣಿಕೆಯ ಕಾರುಗಳು, ನೆಟ್ಟ ದಿನವೇ ಹೆಮ್ಮರವಾದ ಗಿಡಗಳು. ಊರಿನಲ್ಲಿ ಯಾರೂ ಅಷ್ಟು ಎತ್ತರದಲ್ಲಿ ಬದುಕುವುದಿಲ್ಲ. ಚಿತ್ರವನ್ನು ನೆಲದಿಂದ ಐದಡಿ ಎತ್ತರದಲ್ಲಿ, ಬಸ್ ನಿಲ್ದಾಣದಲ್ಲಿ ನಿಂತವರಿಗೆ ಕಾಣುವಂತೆ ಬರೆಸಿ. ಗಾಲಿಕುರ್ಚಿಯಲ್ಲಿ ಕೂತವರ ಕಣ್ಣಿನ ಎತ್ತರದಿಂದಲೂ ಒಂದು ಚಿತ್ರವಿರಲಿ. ಈಗಿನ ಬೀದಿಯ ಫೋಟೊ ಪಕ್ಕದಲ್ಲಿ ಅದೇ ಜಾಗದಿಂದ ಮುಂದೆ ಕಾಣುವ ನೋಟ ಬೇಕು: ಕಂಬ ಎಲ್ಲಿ ಬರುತ್ತದೆ, ಅದರ ನೆರಳು ಯಾರ ಕಿಟಕಿಗೆ ಬೀಳುತ್ತದೆ, ಫುಟ್‌ಪಾತ್ ಎಷ್ಟು ಉಳಿಯುತ್ತದೆ. ಪಾದಚಾರಿಗಳಿಗೆ ಕನಿಷ್ಠ 1.8 ಮೀಟರ್ ಅಗಲದ ನಡೆಯುವ ಜಾಗ ಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಆ ಅಳತೆ ಚಿತ್ರದಲ್ಲೇ ನಮೂದಾಗಿರಲಿ.

ಕಾಮಗಾರಿ ನಡೆಯುವ ವರ್ಷಗಳ ಚಿತ್ರವನ್ನು ಯಾರೂ ತೋರಿಸುವುದಿಲ್ಲ. ಒಬ್ಬ ಹೂವಿನ ವ್ಯಾಪಾರಿಗೆ ಯೋಜನೆಯೆಂದರೆ ಮೊದಲು ಅದೇ: ಬ್ಯಾರಿಕೇಡ್, ದೂಳು, ಅರ್ಧ ಕಿಲೋಮೀಟರ್ ದೂರಕ್ಕೆ ಸರಿದ ಬಸ್ ನಿಲ್ದಾಣ, ಗಿರಾಕಿ ಬರಲಾಗದ ದಾರಿ. ಪ್ರತಿ ಹಂತದಲ್ಲೂ ಯಾವ ದಾರಿ ಮುಚ್ಚುತ್ತದೆ, ಎಷ್ಟು ತಿಂಗಳು, ಆಂಬುಲೆನ್ಸ್ ಎಲ್ಲಿಂದ ಹೋಗುತ್ತದೆ ಎಂಬ ನಕ್ಷೆ ಬೇಕು. ಇದಿಲ್ಲದ ಚಿತ್ರವನ್ನು ನಾವು ಜಾಹೀರಾತೆಂದೇ ತಿಳಿಯುತ್ತೇವೆ.

ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಉದ್ದೇಶಿತ ಸುರಂಗ ರಸ್ತೆಯ ವಿಷಯದಲ್ಲಂತೂ ಇದು ತುರ್ತಿನ ಮಾತು. ಸುರಂಗ ನೆಲದಡಿ ಇದ್ದರೂ ಅದರ ಬಾಯಿ, ಇಳಿಜಾರು, ಗಾಳಿ ಹೊರಬಿಡುವ ಕೊಳವೆಗಳೆಲ್ಲ ನೆಲದ ಮೇಲೆಯೇ ಬರುತ್ತವೆ. ಅವು ಎಲ್ಲಿ, ಎಷ್ಟು ಅಗಲ? ಲಾಲ್‌ಬಾಗ್‌ನಂಥ ಜಾಗದ ಬಳಿ ಎಷ್ಟು ನೆಲ ಬೇಕು? ಸ್ವಿಟ್ಜರ್ಲೆಂಡಿನಲ್ಲಿ ಹೊಸ ಕಟ್ಟಡದ ಎತ್ತರ, ಅಗಲ ಗೊತ್ತಾಗುವಂತೆ ನಿವೇಶನದಲ್ಲೇ ಕಂಬ ನೆಟ್ಟು ಜನರಿಗೆ ತೋರಿಸುತ್ತಾರೆ. ಇಲ್ಲಿಯೂ ನೆಲದ ಮೇಲೆ ಸುಣ್ಣದ ಗೆರೆ ಎಳೆದು, ಕಡಿಯಬೇಕಾದ ಪ್ರತಿ ಮರಕ್ಕೂ ಸಂಖ್ಯೆ ಬರೆದು ತೋರಿಸಬಹುದು. ಹೆಚ್ಚು ಖರ್ಚಿಲ್ಲ, ಕಂಪ್ಯೂಟರ್ ಕೂಡ ಬೇಕಿಲ್ಲ.

‘ಇಷ್ಟು ನಿಮಿಷ ಉಳಿತಾಯ’ ಎಂದು ಹೇಳುವಾಗ ಯಾವ ಹೊತ್ತಿನ, ಯಾವ ವರ್ಷದ, ಎಷ್ಟು ವಾಹನಗಳ ಲೆಕ್ಕ ಎಂಬುದನ್ನು ಅದೇ ಫಲಕದಲ್ಲಿ ಬರೆಯಿರಿ. ಯಾವುದು ಅಂತಿಮ, ಯಾವುದು ಕಲಾವಿದರ ಊಹೆ ಎಂಬುದೂ ಸ್ಪಷ್ಟವಾಗಿರಲಿ.

ಜನರನ್ನು ತಟ್ಟುವ ಮುಖ್ಯ ನೀತಿ ರೂಪಿಸುವಾಗ ಸಂಬಂಧಪಟ್ಟ ಸಂಗತಿಗಳನ್ನೆಲ್ಲ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಹೇಳುತ್ತದೆ. ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎಂಬುದೂ ಅದರಲ್ಲೇ ಇದೆ. ಆದ್ದರಿಂದ ವಿವರವಾದ ಯೋಜನಾ ವರದಿಯ ಸಾರ ಕನ್ನಡದಲ್ಲಿರಲಿ. ನಕ್ಷೆಗಳನ್ನು ವಾರ್ಡ್ ಕಚೇರಿ, ಮೆಟ್ರೊ ನಿಲ್ದಾಣ, ಬಸ್ ನಿಲ್ದಾಣಗಳಲ್ಲಿ ದೊಡ್ಡದಾಗಿ ತೂಗುಹಾಕಿ. ದುಡಿದು ಮನೆಗೆ ಮರಳುವವರೂ ಬರುವಂತೆ ಸಂಜೆ ಅಥವಾ ಭಾನುವಾರ ಅಲ್ಲೊಬ್ಬ ಎಂಜಿನಿಯರ್ ಇದ್ದು ಪ್ರಶ್ನೆಗಳಿಗೆ ಉತ್ತರಿಸಲಿ. ಬಂದ ಆಕ್ಷೇಪಣೆಗಳಿಂದ ನಕ್ಷೆಯಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ, ಏಕೆ ಎಂಬುದನ್ನೂ ಪ್ರಕಟಿಸಿ.

2022ರ ಕಾಯ್ದೆಯಿಂದ ರೂಪುಗೊಂಡ ತಮ್ಮ ಪ್ರಾಧಿಕಾರಕ್ಕೆ, ಬೇರೆ ಬೇರೆ ಸಂಸ್ಥೆಗಳು ಕೈಗೊಳ್ಳುವ ಯೋಜನೆಗಳೆಲ್ಲಕ್ಕೂ ಅನ್ವಯಿಸುವ ಒಂದೇ ನಿಯಮ ತರುವ ಅವಕಾಶವಿದೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಈ ವಿಷಯ ಸೇರಿಸಿ, ನಮ್ಮ ಪ್ರತಿನಿಧಿಗಳಿಗೆ ಮಾತನಾಡಲು ಅವಕಾಶ ಕೊಟ್ಟು, ತಮ್ಮ ತೀರ್ಮಾನವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
(ನಾಗರಿಕರ ಸಹಿಗಳನ್ನು ಲಗತ್ತಿಸಿದೆ)