ಕೈಬರಹದ ಸೋಗು

ಫಲಕದ ಅಕ್ಷರವು ಓದುವುದಕ್ಕಾಗಿ ಇರತಕ್ಕದ್ದೋ, ಬರಿಯ ನೋಟಕ್ಕಾಗಿಯೋ? ವೈಟ್‌ಫೀಲ್ಡಿನಲ್ಲಿಯೂ ಎಲೆಕ್ಟ್ರಾನಿಕ್ ಸಿಟಿಯಲ್ಲಿಯೂ ಹೊಸದಾಗಿ ಎದ್ದಿರುವ ಕಾಫಿ ಅಂಗಡಿಗಳ, ವಸತಿ ಸಮುಚ್ಚಯಗಳ ಮುಂದೆ ನಿಂತವರಿಗೆ ಈ ಪ್ರಶ್ನೆ ಏಳದೆ ಇರದು. ಗಣಕಯಂತ್ರದಲ್ಲಿ ಸಿದ್ಧವಾಗಿ, ಯಾರೋ ಅವಸರದಲ್ಲಿ ಗೀಚಿದಂತೆ ತೋರುವ ಕೈಬರಹದ ಫಾಂಟುಗಳು ಅಲ್ಲಿ ಮೆರೆಯುತ್ತಿವೆ. ಅಚ್ಚಿನ ಮೊಳೆಯ ಅಕ್ಷರವು ಗಡುಸು, ಕೈಬರಹವು ಆತ್ಮೀಯ ಎಂಬುದು ವಿನ್ಯಾಸಕಾರರ ವಾದ.

ಈ ವಾದದಲ್ಲಿ ಹುರುಳಿಲ್ಲ. ಕೈಬರಹಕ್ಕೆ ಆತ್ಮೀಯತೆ ಬರುವುದು ಅದರ ಹಿಂದೆ ಒಬ್ಬ ಮನುಷ್ಯನಿರುವುದರಿಂದ. 1843ರಲ್ಲಿ ಹೊರಟ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಮುದ್ರಿತವಾಯಿತು, ಕೈಯಿಂದ ಬರೆದುದೇ ಕಲ್ಲಿನಿಂದ ಕಾಗದಕ್ಕೆ ಇಳಿಯಿತು. ಅಲ್ಲಿ ಕೈಬರಹವು ಸುದ್ದಿಯನ್ನು ಮುಟ್ಟಿಸುವ ಸಾಧನವಾಗಿತ್ತು, ವೇಷವಾಗಿರಲಿಲ್ಲ. ಪೀಣ್ಯದ ಕಾರ್ಖಾನೆಯ ಗೋಡೆಯ ಮೇಲೆ ಕುಂಚದಿಂದ ಬರೆಯುವ ಪೇಂಟರನೂ ನಾಲ್ಕು ಹೆಜ್ಜೆ ಹಿಂದೆ ಸರಿದು, ದೂರದಿಂದ ಓದಲಾದೀತೇ ಎಂದು ನೋಡುತ್ತಾನೆ. ಫಾಂಟಿನಲ್ಲಿಯಾದರೋ ಒಂದೇ ಕಕಾರವು ಸಾಮಾನ್ಯವಾಗಿ ನೂರು ಸಲವೂ ಅದೇ ಡೊಂಕಿನಿಂದ ಮರಳಿ ಬರುತ್ತದೆ. ಇದು ಕೈಯ ಬರಹವಲ್ಲ, ಕೈಯ ಅಣಕ.

ಕನ್ನಡಕ್ಕೆ ಇದರಿಂದಾಗುವ ಹಾನಿ ವಿಶೇಷವಾದುದು. ರೋಮನ್ ಅಕ್ಷರಗಳು ಸಾಲಾಗಿ ನಿಲ್ಲುತ್ತವೆ. ಕನ್ನಡದಲ್ಲಿ ಒತ್ತು ಕೆಳಗೆ, ಗುಡಿಸು ಮೇಲೆ, ದೀರ್ಘ ಪಕ್ಕದಲ್ಲಿ. ಶಾಲೆಯಲ್ಲಿ ‘ಹೊಟ್ಟೆ ಸೀಳಿದ’ ಎಂದು ಹೇಳಿಕೊಡುವ ಆ ಸಣ್ಣ ಗೆರೆ ಅಳಿದರೆ ‘ಧನ’ವು ‘ದನ’ವಾಗುತ್ತದೆ, ದೀರ್ಘವು ಮಾಯವಾದರೆ ‘ಕೋಡು’ ‘ಕೊಡು’ ಆಗುತ್ತದೆ. ಸೊಗಸಿನ ಹೆಸರಿನಲ್ಲಿ ಮೊದಲು ಬಲಿಯಾಗುವುವು ಈ ಗೆರೆಗಳೇ.

2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ತಂದ ತಿದ್ದುಪಡಿಯು, ನಾಮಫಲಕದಲ್ಲಿ ಶೇಕಡ 60ರಷ್ಟು ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು ವಿಧಿಸಿತು. ಅಳತೆಯ ಮಾತು ಅಲ್ಲಿಗೆ ತೀರಿತು. ಆದರೆ ಓದಲಾಗದ ಕನ್ನಡವು ಶೇಕಡ 60ರಷ್ಟು ಸ್ಥಳವನ್ನು ತುಂಬಿದರೆ ಯಾರಿಗೆ ಲಾಭ? ಪರಪ್ರಾಂತಗಳಿಂದ ಬಂದು ವೈಟ್‌ಫೀಲ್ಡಿನಲ್ಲಿ ನೆಲಸಿ ಕನ್ನಡ ಕಲಿಯಹೊರಟವರಿಗೂ, ಪೀಣ್ಯದಲ್ಲಿ ದುಡಿಯುವ ಅಲ್ಪ ಓದಿನ ಕೆಲಸಗಾರರಿಗೂ ಬೀದಿಯ ಫಲಕವೇ ಬಾಲಬೋಧೆ. ಅದನ್ನು ಕೆಡಿಸುವುದು ಕಲಿಯುವವನ ಕೈಯಿಂದ ಪುಸ್ತಕವನ್ನು ಕಿತ್ತುಕೊಂಡಂತೆ.

ಕೈಬರಹದ ಫಾಂಟು ಸರ್ವಥಾ ತ್ಯಾಜ್ಯವೆಂದು ಇದರ ಅರ್ಥವಲ್ಲ. ಅರವಿಂದ ವಿ. ಕೆ. ಅವರು ರಚಿಸಿದ ‘ನವಿಲು’ ಎಂಬ ಕೈಬರಹದ ಫಾಂಟು ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ಲಗ್ನಪತ್ರಿಕೆ, ಮಕ್ಕಳ ಕಥೆಪುಸ್ತಕ, ಶುಭಾಶಯದ ಕಾಗದ ಇಂಥವುಗಳಲ್ಲಿ ಕೈಬರಹದ ಶೈಲಿಗೆ ಯೋಗ್ಯವಾದ ಸ್ಥಾನವುಂಟು. ಅಲ್ಲಿ ಓದುವವನಿಗೆ ಬಿಡುವಿದೆ. ಔಷಧದ ಅಂಗಡಿ, ಬಸ್ಸಿನ ನಿಲ್ದಾಣ, ಕಾರ್ಖಾನೆಯ ಎಚ್ಚರಿಕೆಯ ಹಲಗೆ ಇವುಗಳ ಮೇಲೆ ಅದು ಸಲ್ಲದು.

ಫಲಕವನ್ನು ತೂಗುಹಾಕುವ ಮುನ್ನ ಅಂಗಡಿಯವರು ಬೀದಿಯ ಆಚೆ ಬದಿಯಲ್ಲಿ ಮೂರನೆಯ ತರಗತಿಯ ಮಗುವೊಂದನ್ನು ನಿಲ್ಲಿಸಿ ಓದಿಸಲಿ. ಅದು ತಡವರಿಸಿದರೆ ತಪ್ಪು ಮಗುವಿನದಲ್ಲ; ಫಲಕವನ್ನೇ ಮತ್ತೆ ಬರೆಯಿಸತಕ್ಕದ್ದು.