ಊರೊಟ್ಟಿನ ಅಂಗಸಾಧನೆಗೆ ಎಂತಹ ಉಪಕರಣಗಳು ಬೇಕು?

ಈಚಿನ ವರ್ಷಗಳಲ್ಲಿ ನಗರಗಳ ಉದ್ಯಾನಗಳಲ್ಲಿ ಬಣ್ಣ ಬಳಿದ ಉಕ್ಕಿನ ವ್ಯಾಯಾಮಯಂತ್ರಗಳು ಸಾಲಾಗಿ ನಿಂತಿರುವುದನ್ನು ವಾಚಕರು ಕಂಡಿರಬಹುದು. ಈ ಪದ್ಧತಿಯು ಈಗ ತಾಲ್ಲೂಕು ಕೇಂದ್ರಗಳಿಗೂ ಹಬ್ಬುತ್ತಿದೆ. ಇದು ಸಂತೋಷದ ವಿಷಯವೇ. ಆದರೆ ಬೆಂಗಳೂರಿಗೆ ಒಪ್ಪಿದುದು ಮಧುಗಿರಿಗೂ ಪಾವಗಡಕ್ಕೂ ಒಪ್ಪುವುದೆಂದು ಭಾವಿಸಿ, ಅದೇ ಪಟ್ಟಿಯನ್ನು ಹಿಡಿದು ಅವೇ ಯಂತ್ರಗಳನ್ನು ತರಿಸುವುದು ವಿವೇಕವಲ್ಲವೆಂದು ನನ್ನ ಅಭಿಪ್ರಾಯ.

ಸ್ನಾಯುವು ತಾನು ರೂಢಿಯಾಗಿ ಹೊರುವುದಕ್ಕಿಂತ ತುಸು ಹೆಚ್ಚಿನ ಭಾರವನ್ನು ಎದುರಿಸಿದಾಗ ಮಾತ್ರ ಬಲಗೊಳ್ಳುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರ ಚಿಕಿತ್ಸೆಯಲ್ಲಿ ತೊಡಗಿದ್ದ ಅಮೆರಿಕದ ವೈದ್ಯ ಥಾಮಸ್ ಡಿಲಾರ್ಮ್ ಈ ತತ್ತ್ವವನ್ನೇ ಅನುಸರಿಸಿ, ಭಾರವನ್ನು ಕ್ರಮಕ್ರಮವಾಗಿ ಏರಿಸುವ ವಿಧಾನವನ್ನು 1945ರಲ್ಲಿ ಪ್ರಕಟಿಸಿದನು. ನಮ್ಮ ಗರಡಿಗಳ ಉಸ್ತಾದರಿಗೆ ಇದು ಹೊಸ ಸುದ್ದಿಯಾಗಿರಲಾರದು. ಹಾಗಾದರೆ ಉಪಕರಣವನ್ನು ಆರಿಸುವವರು ಕೇಳಬೇಕಾದ ಮೊದಲ ಪ್ರಶ್ನೆ ಇದು: ಇದರಲ್ಲಿ ಭಾರವನ್ನು ಏರಿಸಲು ಬರುತ್ತದೆಯೆ?

ಎರಡು ಕಾಲುಗಳನ್ನೂ ಹಲಗೆಗಳ ಮೇಲಿಟ್ಟು ಗಾಳಿಯಲ್ಲಿ ನಡೆಯುವಂತೆ ಬೀಸುವ ಯಂತ್ರವನ್ನು ತೆಗೆದುಕೊಳ್ಳಿ. ಇದು ಬರಿಯ ಲೋಲಕ. ಒಮ್ಮೆ ತೂಗಿಬಿಟ್ಟರೆ ಗುರುತ್ವಾಕರ್ಷಣೆಯೇ ಕಾಲನ್ನು ಹಿಂದಕ್ಕೆ ತರುತ್ತದೆ. ಸ್ನಾಯುವಿಗೆ ಉಳಿಯುವ ಕೆಲಸ ಅತ್ಯಲ್ಪ. ಕೀಲುಗಳು ಸಡಿಲವಾಗಲೆಂದು ವೃದ್ಧರು ಬಳಸಿದರೆ ಆಕ್ಷೇಪವಿಲ್ಲ. ಸಿದ್ದರಬೆಟ್ಟವನ್ನು ಹತ್ತಿ ಇಳಿಯುವ ಕೊರಟಗೆರೆಯ ಹುಡುಗನ ತೊಡೆಗೆ ಅದು ಏನನ್ನು ಕೊಟ್ಟೀತು? ಅವನಿಗೆ ಬೇಕಾದುದು ತೋಳು, ಹೆಗಲು, ಬೆನ್ನುಗಳಿಗೆ ಕೆಲಸ. ಅದಕ್ಕೆ ಒಂದು ಸಿಂಗಲ್ ಬಾರು, ಒಂದು ಜೋಡಿ ಸಮಾಂತರ ಸರಳು ಸಾಕು. ಅವುಗಳಲ್ಲಿ ತಿರುಗುವ ಭಾಗವಿಲ್ಲ, ಧೂಳು ತುಂಬಿ ಕಿರುಗುಟ್ಟುವ ಬೇರಿಂಗಿಲ್ಲ. ಯಂತ್ರವನ್ನು ಕೊಳ್ಳಲು ಹಣ ದೊರೆಯುತ್ತದೆ, ಗ್ರೀಸಿಗೆ ದೊರೆಯುವುದಿಲ್ಲ. ಇದು ನಾವೆಲ್ಲರೂ ಬಲ್ಲ ಸಂಗತಿ.

ಇನ್ನು ಎತ್ತುವ ಭಾರ. ಅದಕ್ಕಾಗಿ ಕಾರ್ಖಾನೆಗೆ ಕಾಗದ ಬರೆಯಬೇಕಾಗಿಲ್ಲ. ರಾಮನಗರದ ಹಳೆಯ ಹೆಸರನ್ನು ಹೊತ್ತ ಕ್ಲೋಸ್‌ಪೇಟೆ ಗ್ರಾನೈಟ್ ಶಿಲೆಯ ಪಟ್ಟಿಯು ಈ ಸೀಮೆಯ ಮೂಲಕವೇ ಉತ್ತರಕ್ಕೆ ಹಾಯ್ದಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಗುಂಡು ಎತ್ತುವ ಪಂದ್ಯವನ್ನು ನಮ್ಮ ಹಿರಿಯರು ಇಂತಹ ಕಲ್ಲಿನಲ್ಲಿಯೇ ಆಡಿದರು. ಗ್ರಾನೈಟು ನೀರಿಗಿಂತ ಸುಮಾರು 2.7ರಷ್ಟು ತೂಕವುಳ್ಳದ್ದು. ಲೆಕ್ಕ ಹಾಕಿ ನೋಡಿ: 15 ಸೆಂಟಿಮೀಟರ್ ವ್ಯಾಸದ ಗುಂಡು 4.8 ಕಿಲೋಗ್ರಾಂ ತೂಗಿದರೆ, ವ್ಯಾಸವು ಇಮ್ಮಡಿಯಾಗಿ 30 ಸೆಂಟಿಮೀಟರ್ ಆದಾಗ ತೂಕವು ಎಂಟುಪಟ್ಟಾಗಿ 38 ಕಿಲೋಗ್ರಾಂ ಆಗುತ್ತದೆ. ನಡುವಿನ 24 ಸೆಂಟಿಮೀಟರಿನದು ಸುಮಾರು 19.5. ಕಣ್ಣಳತೆಗೆ ಸ್ವಲ್ಪವೇ ದೊಡ್ಡದಾಗಿ ತೋರುವ ಕಲ್ಲು ಸೊಂಟ ಮುರಿಯಬಲ್ಲದಾದುದರಿಂದ ಪ್ರತಿಯೊಂದರ ಮೇಲೂ ತೂಕವನ್ನು ಕೆತ್ತಿಸಿರಬೇಕು. ಉರುಳಿ ಮಕ್ಕಳ ಕಾಲಮೇಲೆ ಬೀಳದಂತೆ ಅವುಗಳನ್ನು ಮರಳುಗುಣಿಯಲ್ಲಿ ಇಡಬೇಕು. ಪಾವಗಡದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದು ಬಹುಕಾಲದಿಂದ ತಿಳಿದಿದೆ. ಅದರಿಂದ ಕೀಲು ಬಿಗಿದವರು ವೈದ್ಯರನ್ನು ಕೇಳದೆ ಗುಂಡಿಗೆ ಕೈಹಾಕಬಾರದು.

ನೆಡುವ ಕೆಲಸದಲ್ಲಿಯೇ ಹೆಚ್ಚಿನ ಅಲಕ್ಷ್ಯ ನಡೆಯುವುದು. 60 ಕಿಲೋಗ್ರಾಂ ತೂಕದ ಹುಡುಗನು ಸರಳಿನ ಮಟ್ಟದಿಂದ ಬೀಸಿಕೊಂಡು ಕೆಳಕ್ಕೆ ಬಂದಾಗ ಸರಳಿನ ಮೇಲೆ ಬೀಳುವ ಎಳೆತ ಅವನ ತೂಕವಷ್ಟೇ ಅಲ್ಲ. ಅದರ ಎರಡೂವರೆಯಿಂದ ಮೂರರಷ್ಟು, ಎಂದರೆ 150ರಿಂದ 180 ಕಿಲೋಗ್ರಾಂ. ಅದೂ ಹಿಂದಕ್ಕೂ ಮುಂದಕ್ಕೂ ದಿಕ್ಕು ಬದಲಿಸುವ ಎಳೆತ. ಗೇಣುದ್ದದ ಕಾಂಕ್ರೀಟಿನಲ್ಲಿ ನಿಲ್ಲಿಸಿದ ಕಂಬವು ಹಲ್ಲಿನಂತೆ ಅಲುಗಾಡತೊಡಗುವುದು ಇದರಿಂದಲೇ. ಕಂಬದ ಬುಡ ಆಳವಾಗಿರಲಿ; ಸರಳಿನ ಕೆಳಗಿನ ನೆಲಕ್ಕೆ ಮಾತ್ರ ಕಾಂಕ್ರೀಟು ಬೇಡ. ಗರಡಿಯ ಅಗೆದು ಹದಮಾಡಿದ ಕೆಮ್ಮಣ್ಣು ಬಿದ್ದವನ ವೇಗವನ್ನು ಹೀರುತ್ತಿತ್ತು. ಆಳವಾದ ಮರಳೂ ಆ ಕೆಲಸವನ್ನು ಮಾಡುತ್ತದೆ.

ಬಿಸಿಲನ್ನೂ ಮರೆಯಬಾರದು. ಪಾವಗಡದ ತಿರುಮಣಿಯ ಬಳಿ 2050 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಕ್ಷೇತ್ರವನ್ನು ನಡೆಸುವ ಸೂರ್ಯನೇ ಈ ಉಕ್ಕನ್ನೂ ಕಾಯಿಸುತ್ತಾನೆ. ಉಕ್ಕು ಉತ್ತಮ ಉಷ್ಣವಾಹಕ. ಮರದಷ್ಟೇ ಕಾದಿದ್ದರೂ ಕೈಯನ್ನು ಬೇಗ ಸುಡುತ್ತದೆ. ಹೊಂಗೆಯದೋ ಬೇವಿನದೋ ನೆರಳು ಇದ್ದಲ್ಲಿಯೇ ಸ್ಥಳವನ್ನು ಆರಿಸಬೇಕು.

ಕಡೆಯದಾಗಿ, ಯಾರಿಗಾಗಿ ಇದೆಲ್ಲ? ಹಳೆಯ ಗರಡಿಯು ಗಂಡಸರ ಸೊತ್ತಾಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಂತೆ 5ರಿಂದ 17 ವರ್ಷದವರೆಲ್ಲರೂ ವಾರಕ್ಕೆ ಮೂರು ದಿನವಾದರೂ ಸ್ನಾಯು ಮತ್ತು ಮೂಳೆಗಳನ್ನು ಬಲಪಡಿಸುವ ಚಟುವಟಿಕೆಯಲ್ಲಿ ತೊಡಗಬೇಕು. ಹುಡುಗರಿಗೊಂದು, ಹುಡುಗಿಯರಿಗೊಂದು ನಿಯಮವಿಲ್ಲ. ಬಸ್ ನಿಲ್ದಾಣದ ಎದುರಿಗೆ, ನೂರು ಕಣ್ಣುಗಳ ಮುಂದೆ ಸರಳನ್ನು ನೆಟ್ಟರೆ ಶಿರಾದ ಕಾಲೇಜು ವಿದ್ಯಾರ್ಥಿನಿ ಅಲ್ಲಿಗೆ ಬರುವಳೆ? ಶಾಲೆಯ ಆವರಣದೊಳಗೆ, ಎರಡು ಎತ್ತರಗಳಲ್ಲಿ ಸರಳುಗಳನ್ನು ನೆಟ್ಟು, ಬೆಳಿಗ್ಗೆ ಸಂಜೆ ಬಾಗಿಲು ತೆರೆದಿಡಬಹುದು. ಮುಂದಿನ ಗ್ರಾಮಸಭೆಯಲ್ಲಿ ಇಂತಹ ಖರೀದಿಯ ಮಾತು ಬಂದರೆ, ಬೀಗದ ಕೈ ಯಾರ ಬಳಿ ಇರುವುದು, ಸಡಿಲವಾದ ನಟ್ಟನ್ನು ಬಿಗಿಯುವವರು ಯಾರು ಎಂದು ವಿದ್ಯಾರ್ಥಿಗಳೇ ಎದ್ದುನಿಂತು ಕೇಳಲಿ.