ಟೆಸ್ಟ್ ಆಗಿದ್ದೇ ಬೇರೆ, ಹೋಗಿದ್ದೇ ಬೇರೆ!

ಈ ಸಲ ಬಂದಿರೋ ಪ್ರಶ್ನೆ ಚಿಕ್ಕದು. ಓದುಗರೊಬ್ಬರು ಕೇಳಿದ್ದಾರೆ: "ನಮ್ಮ ಬಿಲ್ಡ್‌ನ ಮೊದಲನೇ ಸ್ಟೆಪ್‌ನಲ್ಲಿ ವರ್ಷನ್ ನಂಬರನ್ನ ಒಂದು ವೇರಿಯಬಲ್‌ನಲ್ಲಿ ಇಡ್ತೀನಿ. ಎರಡನೇ ಸ್ಟೆಪ್‌ನಲ್ಲಿ ನೋಡಿದ್ರೆ ಖಾಲಿ! ಎರರ್ ಕೂಡ ಇಲ್ಲ. ಎಲ್ಲಿ ಹೋಯ್ತು ಅದು?"

ಉತ್ತರಕ್ಕೆ ಮುಂಚೆ, ಸಾಫ್ಟ್‌ವೇರ್ ಕೆಲಸದಲ್ಲಿಲ್ಲದ ಓದುಗರಿಗೆ ಎರಡು ಮಾತು. ನಾವು ಬರೆದ ಕೋಡ್ ನಿಮ್ಮ ಫೋನಿಗೆ ಆ್ಯಪ್ ಆಗಿ ಬರಬೇಕಾದರೆ ಮಧ್ಯೆ ಹಲವು ಕೆಲಸ ಆಗಬೇಕು. ಕೋಡ್ ತರಬೇಕು, ಬಿಲ್ಡ್ ಮಾಡಬೇಕು, ಟೆಸ್ಟ್ ಮಾಡಬೇಕು, ಆಮೇಲೆ ಕಳಿಸಬೇಕು. ಇವನ್ನೆಲ್ಲ ಒಂದಾದ ಮೇಲೊಂದು ತಾನಾಗಿಯೇ ಮಾಡಿಸುವ ವ್ಯವಸ್ಥೆಗೆ ಪೈಪ್‌ಲೈನ್ ಅಂತಾರೆ. ಜೆಂಕಿನ್ಸ್, ಗಿಟ್‌ಲ್ಯಾಬ್, ಗಿಟ್‌ಹಬ್ ಆ್ಯಕ್ಷನ್ಸ್ ಎಲ್ಲ ಇದಕ್ಕಾಗಿಯೇ ಇರೋದು. ಪೈಪ್ ಅಂದ ಕೂಡಲೇ ಈ ಕಡೆ ಹಾಕಿದ್ದು ಆ ಕಡೆ ತಾನೇ ಬರುತ್ತೆ ಅನ್ಸುತ್ತೆ. ಬರಲ್ಲ. ನಾವೇ ಕೈಗಿತ್ತು ಕಳಿಸಬೇಕು.

ಟಿಕೆಟ್ಟಾ? ಪಾಸಾ?

ಯಲಹಂಕದಲ್ಲಿ ಬಸ್ ಹತ್ತಿ, ಹೆಬ್ಬಾಳದಲ್ಲಿಳಿದು, ಸಿಲ್ಕ್ ಬೋರ್ಡ್ ಕಡೆಗೆ 500ಡಿ ಹಿಡಿಯೋರಿಗೆ ಇದು ಬೇಗ ಅರ್ಥವಾಗುತ್ತೆ. ಮೊದಲನೇ ಬಸ್ಸಿನ ಟಿಕೆಟ್ ಎರಡನೇ ಬಸ್ಸಲ್ಲಿ ನಡೆಯಲ್ಲ, ದಿನದ ಪಾಸ್ ಇದ್ದರೆ ನಡೆಯುತ್ತೆ. ಸ್ಟೆಪ್ ಒಳಗೆ ಎಕ್ಸ್‌ಪೋರ್ಟ್ ಮಾಡಿದ ವೇರಿಯಬಲ್ ಆ ಟಿಕೆಟ್ ಇದ್ದ ಹಾಗೆ. ಪ್ರತಿ ಸ್ಟೆಪ್ಪೂ ಬೇರೆ ಪ್ರೊಸೆಸ್. ಅದು ಮುಗಿದರೆ ವೇರಿಯಬಲ್ ಕಥೆಯೂ ಮುಗೀತು. ಖಾಲಿ ವೇರಿಯಬಲನ್ನು ಶೆಲ್ ತಪ್ಪು ಅಂತ ಎಣಿಸೋದಿಲ್ಲ, ಅದಕ್ಕೇ ಎರರ್ ಕೂಡ ಬರಲ್ಲ.

ಪಾಸ್ ಮಾಡಿಸೋದು ಹೇಗೆ? ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಇದಕ್ಕೆಂದೇ ಒಂದು ಔಟ್‌ಪುಟ್ ಫೈಲ್ ಇದೆ. ಅದಕ್ಕೆ ಹೆಸರು ಮತ್ತು ಮೌಲ್ಯ ಬರೆದು, ಸ್ಟೆಪ್‌ಗೊಂದು ಐಡಿ ಕೊಟ್ಟರೆ ಮುಂದಿನ ಸ್ಟೆಪ್ ಆ ಐಡಿ ಹಿಡಿದು ಓದಿಕೊಳ್ಳುತ್ತೆ. ಇನ್ನೊಂದು ಜಾಬ್‌ಗೆ ಕಳಿಸೋದಾದ್ರೆ ಕೊಡುವ ಜಾಬ್ 'ಇದು ನನ್ನ ಔಟ್‌ಪುಟ್' ಅಂತ ಘೋಷಿಸಬೇಕು, ತಗೊಳ್ಳುವ ಜಾಬ್ 'ನನಗೆ ಅದು ಬೇಕು' ಅಂತ ಹೇಳಬೇಕು. ಗಿಟ್‌ಹಬ್‌ನವರೇ ಕೊಡುವ ಮಷಿನ್‌ಗಳಲ್ಲಿ ಪ್ರತಿ ಜಾಬ್‌ಗೂ ಹೊಸ ಮಷಿನ್. ಹಾಗಾಗಿ ಹಿಂದಿನ ಜಾಬ್ ಡಿಸ್ಕ್‌ನಲ್ಲಿಟ್ಟ ಫೈಲೂ ಇರಲ್ಲ. ದೊಡ್ಡ ಫೈಲ್‌ಗಳನ್ನು ಆರ್ಟಿಫ್ಯಾಕ್ಟ್ ಆಗಿ ಅಪ್‌ಲೋಡ್ ಮಾಡಿ, ಮುಂದೆ ಡೌನ್‌ಲೋಡ್ ಮಾಡಿಕೊಳ್ಳಬೇಕು. ಔಟ್‌ಪುಟ್‌ಗೆ ಒಂದು ಜಾಬ್‌ಗೆ 1 ಎಂಬಿ ಮಿತಿ. ಆರ್ಟಿಫ್ಯಾಕ್ಟ್ ನಾವೇನೂ ಬದಲಿಸದಿದ್ದರೆ 90 ದಿನ ಇರುತ್ತೆ. ಜೆಂಕಿನ್ಸ್‌ನಲ್ಲಿ ಸ್ಟ್ಯಾಶ್, ಗಿಟ್‌ಲ್ಯಾಬ್‌ನಲ್ಲಿ ಡಾಟ್‌ಎನ್ವ್ ರಿಪೋರ್ಟ್, ಹೀಗೆ ಹೆಸರು ಬೇರೆ ಬೇರೆ, ಕೆಲಸ ಹೆಚ್ಚುಕಡಿಮೆ ಒಂದೇ.

ಇಂಟರ್ನೆಟ್‌ನಲ್ಲಿ ಸಿಗೋ ಹಳೇ ಉದಾಹರಣೆ ಕಾಪಿ ಮಾಡೋ ಮುಂಚೆ ಹುಷಾರು. ಹಿಂದೆ ಲಾಗ್‌ನಲ್ಲಿ ಒಂದು ವಿಶೇಷ ಸಾಲು ಪ್ರಿಂಟ್ ಮಾಡಿದ್ರೆ ಸಾಕಿತ್ತು, ಅದೇ ಔಟ್‌ಪುಟ್ ಆಗ್ತಿತ್ತು. ಹೊರಗಿನವರು ಕೊಟ್ಟ ಯಾವುದೋ ಪಠ್ಯ ಲಾಗ್‌ನಲ್ಲಿ ಪ್ರಿಂಟ್ ಆದರೆ? ಅದೂ ಔಟ್‌ಪುಟ್ ಆಗಬಹುದು. ಈ ಅಪಾಯಕ್ಕಾಗಿಯೇ 2022ರ ಅಕ್ಟೋಬರ್‌ನಲ್ಲಿ ಗಿಟ್‌ಹಬ್ 'ಈ ದಾರಿ ಬಿಡಿ, ಫೈಲ್ ಬಳಸಿ' ಅಂತ ಪ್ರಕಟಿಸಿತು. ತುಂಬ ಜನ ಇನ್ನೂ ಹಳೇ ದಾರಿಯಲ್ಲೇ ಇದ್ದಿದ್ದರಿಂದ ಪೂರ್ತಿ ನಿಲ್ಲಿಸುವ ಗಡುವು ಮಾತ್ರ ಮುಂದಕ್ಕೆ ಹೋಯ್ತು.

'ಇಲ್ಲ' ಅಂದಿದ್ದು 'ಹೌದು' ಆಗೋದು

ಕಳಿಸಿದ್ದು ತಲುಪಿದರೆ ಸಾಲದು, ಅದೇ ಅರ್ಥದಲ್ಲಿ ತಲುಪಬೇಕು. ಔಟ್‌ಪುಟ್ ಎಲ್ಲವೂ ಬರೀ ಪಠ್ಯ. ನೀವು 'ಫಾಲ್ಸ್' ಅಂತ ಕಳಿಸಿ, ಮುಂದಿನ ಜಾಬ್‌ನಲ್ಲಿ ಅದನ್ನು ಹಾಗೇ ಇಫ್ ಒಳಗೆ ಇಟ್ಟರೆ ಜಾಬ್ ನಡೆದೇಬಿಡುತ್ತೆ. ಯಾಕಂದ್ರೆ ಖಾಲಿಯಿಲ್ಲದ ಯಾವ ಪಠ್ಯವಾದರೂ ಅಲ್ಲಿ 'ಹೌದು'! ಆದ್ದರಿಂದ ಸ್ಪಷ್ಟವಾಗಿ ಹೋಲಿಸಿ ನೋಡಬೇಕು.

ಇಂಥ ಎಡವಟ್ಟಿಗೆ ನಾಸಾ ದೊಡ್ಡ ಬೆಲೆ ತೆತ್ತಿದೆ. 1999ರ ಸೆಪ್ಟೆಂಬರ್‌ನಲ್ಲಿ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆ ಮಂಗಳನ ಬಳಿ ನಾಶವಾಯಿತು. ಭೂಮಿಯಲ್ಲಿದ್ದ ಒಂದು ಸಾಫ್ಟ್‌ವೇರ್ ಪೌಂಡ್ ಲೆಕ್ಕದಲ್ಲಿ ಅಂಕಿ ಕೊಡ್ತಿತ್ತು, ಅದನ್ನು ಓದುವ ಕಡೆ ನ್ಯೂಟನ್ ಅಂದುಕೊಂಡಿದ್ದರು. ಅಂಕಿ ಸರಿಯಾಗೇ ತಲುಪಿತ್ತು. ಅದು ಯಾವ ಅಳತೆ ಅನ್ನೋದು ತಲುಪಿರಲಿಲ್ಲ.

ಬೈಸಿಕೊಂಡಿದ್ದು ಯಾರು?

ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಒಂದು ಶುಕ್ರವಾರ ಸಂಜೆ ರಿಲೀಸ್ ಹೋಯ್ತು. ಟೆಸ್ಟ್ ಎಲ್ಲ ಹಸಿರು. ರಾತ್ರಿ ಹೊತ್ತಿಗೆ ಗ್ರಾಹಕರ ದೂರು: ರಸೀದಿಯಲ್ಲಿ ದಿನಾಂಕ ತಪ್ಪು ಬರ್ತಿದೆ. ಎಲ್ಲರ ಕಣ್ಣೂ ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಟೆಸ್ಟರ್ ಹುಡುಗಿ ಕಡೆಗೆ. "ಸರಿಯಾಗಿ ನೋಡಿದ್ಯೇನಮ್ಮಾ?" ಅಂತ ಮ್ಯಾನೇಜರ್ ಎಲ್ಲರ ಮುಂದೆಯೇ ಕೇಳಿದ್ರು. ಪ್ರೊಬೇಷನ್ ಇನ್ನೂ ಮುಗಿದಿರಲಿಲ್ಲ ಅವಳದು.

ಅವಳು ವಾದ ಮಾಡಲಿಲ್ಲ. ಸೋಮವಾರ ಕೂತು ಲಾಗ್ ತೆಗೆದಳು. ತಾನು ಟೆಸ್ಟ್ ಮಾಡಿದ ಫೈಲಿನ ಹ್ಯಾಶ್ ಒಂದು, ಸರ್ವರ್‌ನಲ್ಲಿದ್ದ ಫೈಲಿನದು ಇನ್ನೊಂದು. ಬಿಲ್ಡ್ ಜಾಬ್ ತಯಾರಿಸಿದ್ದು ಡಿಪ್ಲಾಯ್ ಜಾಬ್‌ಗೆ ಹೋಗುತ್ತಲೇ ಇರಲಿಲ್ಲ. ಡಿಪ್ಲಾಯ್ ಜಾಬ್ ಅದೇ ಕೋಡಿನಿಂದ ಇನ್ನೊಮ್ಮೆ ಬಿಲ್ಡ್ ಮಾಡಿಕೊಳ್ತಿತ್ತು. ಆ ಎರಡು ಬಿಲ್ಡ್ ನಡುವೆ ದಿನಾಂಕದ ಲೈಬ್ರರಿಯೊಂದರ ಹೊಸ ಆವೃತ್ತಿ ಬಂದು ಸೇರಿಕೊಂಡಿತ್ತು. ಅವಳು ನೋಡಿದ್ದು ಸರಿಯಾಗೇ ಇತ್ತು, ಗ್ರಾಹಕರಿಗೆ ಹೋಗಿದ್ದನ್ನು ಮಾತ್ರ ಯಾರೂ ಟೆಸ್ಟ್ ಮಾಡಿರಲಿಲ್ಲ.

ಆ ಎರಡು ಹ್ಯಾಶ್ ಲಾಗ್‌ನಲ್ಲಿ ಸಿಗದೇ ಇದ್ದಿದ್ರೆ ಅವಳ ಹತ್ತಿರ ಹೇಳಿಕೊಳ್ಳೋಕೆ ಏನಿರ್ತಿತ್ತು?

ಯಲಹಂಕದ ಗಾಲಿ

ಈ ಸಮಸ್ಯೆಗೆ ಪರಿಹಾರ ನಮ್ಮ ಏರಿಯಾದಲ್ಲೇ ಇದೆ. ಯಲಹಂಕದ ರೈಲ್ ವೀಲ್ ಫ್ಯಾಕ್ಟರಿ 1984ರಲ್ಲಿ ಶುರುವಾಗಿದ್ದು, ಹಳಬರು ಈಗಲೂ ವೀಲ್ ಆ್ಯಂಡ್ ಆ್ಯಕ್ಸಲ್ ಅಂತಾರೆ. ಅಲ್ಲಿ ಗುಜರಿ ಉಕ್ಕನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ, ಗ್ರ್ಯಾಫೈಟ್ ಅಚ್ಚಿಗೆ ಹಾಯಿಸಿ ರೈಲು ಗಾಲಿ ಎರಕ ಹೊಯ್ಯುತ್ತಾರೆ. ಒಂದು ಸಲ ಕರಗಿಸಿದ ಉಕ್ಕಿಗೆ ಹೀಟ್ ಅಂತಾರೆ, ಅದಕ್ಕೊಂದು ನಂಬರ್. ಆ ನಂಬರನ್ನು ಗಾಲಿಯ ಮೈಮೇಲೇ ಒತ್ತಿರ್ತಾರೆ. ಪರೀಕ್ಷೆ ಮುಗಿಸಿ, ಆ್ಯಕ್ಸಲ್‌ಗೆ ಕೂರಿಸಿ, ಎಷ್ಟೋ ವರ್ಷ ಓಡಿದ ಮೇಲೂ ಆ ಗಾಲಿ ಯಾವ ಉಕ್ಕಿನದು ಅಂತ ಅದನ್ನೇ ಓದಿ ಹೇಳಬಹುದು. ಪರೀಕ್ಷೆ ಪಾಸಾದ ಮೇಲೆ 'ಅದೇ ಥರದ್ದು ಇನ್ನೊಂದು ಎರಕ ಹೊಯ್ದು ಕಳಿಸೋಣ' ಅಂತ ಅಲ್ಲಿ ಯಾರೂ ಅನ್ನಲ್ಲ.

ನಾವೂ ಹಾಗೇ ಮಾಡೋಣ. ಬಿಲ್ಡ್ ಒಂದೇ ಸಲ. ಟೆಸ್ಟ್‌ಗೂ ಡಿಪ್ಲಾಯ್‌ಗೂ ಅದೇ ಫೈಲ್, ಜೊತೆಗೆ ಅದರ ಹ್ಯಾಶ್. ಡಾಕರ್ ಬಳಸೋರು 'ಲೇಟೆಸ್ಟ್' ಅನ್ನೋ ಟ್ಯಾಗ್ ನಂಬಬೇಡಿ, ಅದು ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ ಅಂಟಿಸಬಹುದಾದ ಚೀಟಿ. ಡೈಜೆಸ್ಟ್ ಕಳಿಸಿ. ಒಳಗಿನದು ಬದಲಾದರೆ ಅದೂ ಬದಲಾಗುತ್ತೆ. ಕ್ಯಾಶ್ ಇರೋದು ವೇಗಕ್ಕೆ. ಅದು ಯಾವಾಗ ಬೇಕಾದರೂ ಅಳಿಸಿಹೋಗಬಹುದು, ಅದರ ಮೂಲಕ ಫೈಲ್ ದಾಟಿಸಬೇಡಿ. ಪಾಸ್‌ವರ್ಡನ್ನಂತೂ ಔಟ್‌ಪುಟ್‌ನಲ್ಲಿ ಕಳಿಸಲೇಬೇಡಿ, ಬೇಕಾದ ಜಾಬ್ ಅದನ್ನು ಸೀಕ್ರೆಟ್ ಜಾಗದಿಂದಲೇ ತಗೊಳ್ಳಲಿ.

ಕೊನೆಗೆ, ಪ್ರಶ್ನೆ ಕಳಿಸಿದವರಿಗೆ ಒಂದು ಮಾತು. ಪ್ರತಿ ಸ್ಟೆಪ್ಪಿನ ಮೊದಲ ಸಾಲಲ್ಲೇ 'ಬರಬೇಕಾದ್ದು ಬಂದಿದೆಯಾ?' ಅಂತ ಪರೀಕ್ಷಿಸಿ, ಖಾಲಿ ಇದ್ದರೆ ಬಿಲ್ಡನ್ನು ಅಲ್ಲೇ ನಿಲ್ಲಿಸಿ. ಬಿಲ್ಡ್ ಕೆಂಪಾದ್ರೆ ಹತ್ತು ನಿಮಿಷದ ಕಿರಿಕಿರಿ, ಅಷ್ಟೇ. ಖಾಲಿ ಕೈಯಲ್ಲಿ ಹಸಿರಾದ್ರೆ ಇನ್ಯಾರೋ ಉತ್ತರ ಕೊಡಬೇಕಾಗುತ್ತೆ.